ಹಿಮ ಕೂರದ ದಾರಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹುಲ್ಲುಹಾಸು ಕುಸಿಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ದೊಡ್ಡ ಬೋರ್ಡಿಗೆ ಕಂಬ ನೆಡಲು ಹತ್ತೂವರೆಗೆ ಬರುತ್ತೇವೆ ಎಂದವರು ಬಂದಿರಲಿಲ್ಲ. ನಾನು ಕೈಗಡಿಯಾರ ನೋಡಿಕೊಂಡು ತಲೆ ಎತ್ತಿದೆ. ಎದುರಿಗೆ ಹುಲ್ಲಕ್ಕ ಹೊಸದಾಗಿ ಕೂರಿಸಿದ ಹುಲ್ಲನ್ನು ಗಮ್ ಬೂಟಿನ ಕಾಲಲ್ಲಿ ತುಳಿಯುತ್ತ ನಿಂತಿದ್ದರು. ಮರುಕ್ಷಣ ಅವರು ಎದೆಯಿಂದ ಮೇಲೆ ಮಾತ್ರ ಇದ್ದರು. ಕೂಗಲಿಲ್ಲ. ಎರಡು ಕೈಯಲ್ಲೂ ಹುಲ್ಲು ಹಿಡಿದುಕೊಂಡು ನನ್ನನ್ನೇ ನೋಡಿದರು. ಹಿಡಿದ ಹುಲ್ಲು ಮಣ್ಣುಸಮೇತ ಕಿತ್ತು ಬಂತು. ತಲೆಯೂ ಕಾಣದಾಯಿತು. ಆ ತೂತಿನೊಳಗಿಂದ ನೀರು ಹರಿಯುವ ಸದ್ದು ಮೇಲೆ ಬಂತು.

ಆ ಹುಲ್ಲುಹಾಸಿನ ಕೆಳಗೆ ನೀರಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಇದು ಊಟಿಗೆ ಬಂದವರೆಲ್ಲ ನೋಡಿ ಹೋಗುವ ಪ್ರಸಿದ್ಧ ತೋಟದ ಮಾತಲ್ಲ. ಊರಿನ ಇನ್ನೊಂದು ಮಗ್ಗುಲಿನ, ಬೆಟ್ಟದ ಇಳಿಜಾರಿನ ಹಳೆಯ ಪಾರ್ಕು. ನಮ್ಮ ಬೀದಿಯವರು ಅದನ್ನು ಮೇಲ್ಪಾರ್ಕು ಅನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ, ಸಸ್ಯಶಾಸ್ತ್ರದ ಓದು ಮುಗಿಸಿದ್ದ ನನಗೆ ಅಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಮರಗಳಿಗೆ ಹೆಸರಿನ ಫಲಕ ಹಾಕುವುದು, ಬಾಗಿಲಲ್ಲಿ ನಿಲ್ಲಿಸುವ ದೊಡ್ಡ ತಗಡಿನ ಬೋರ್ಡಿಗೆ ಪಾರ್ಕಿನ ಇತಿಹಾಸವನ್ನೂ ನೋಡಬೇಕಾದ ಜಾಗಗಳನ್ನೂ ಬರೆದುಕೊಡುವುದು.

ಇತಿಹಾಸ ಹೇಳಿಕೇಳಿ ತಿಳಿದದ್ದೇ ಹೆಚ್ಚು. ಮೊದಲು ಅಲ್ಲಿ ಬಿಳಿಯರ ಅಡುಗೆಮನೆಗಳಿಗೆ ಕೋಸು, ಟರ್ನಿಪ್ ಬೆಳೆಯುತ್ತಿದ್ದರಂತೆ. ಆಮೇಲೆ ಸಮುದ್ರದಾಚೆಯಿಂದ ತಂದ ಸಸಿಗಳು ಈ ಚಳಿಯಲ್ಲಿ ಬದುಕುತ್ತವೆಯೇ ಎಂದು ನೆಟ್ಟು ನೋಡುವ ಜಾಗವಾಯಿತು. ಬದುಕಿದವು ಈಗ ಕತ್ತೆತ್ತಿ ನೋಡಬೇಕಾದ ಮರಗಳು: ಬೆಂಡಿನಂಥ ತೊಗಟೆಯ ಓಕ್, ಕೋತಿಯೂ ಹತ್ತಲಾರದ ಮುಳ್ಳೆಲೆಯ ಮರ, ಹಳೆಯ ಪತ್ರಿಕೆಯಂತೆ ಪದರಪದರವಾಗಿ ಸುಲಿಯುವ ಇನ್ನೊಂದು. ಕೊನೆಗೆ ಬಂದದ್ದು ಬ್ಯಾಂಡ್ ಮಂಟಪ, ಜರೀಗಿಡಗಳ ಗಾಜಿನ ಮನೆ ಮತ್ತು ಇವುಗಳ ನಡುವಿನ ವಿಶಾಲವಾದ ಹುಲ್ಲುಹಾಸು. ಬೆಟ್ಟದಿಂದ ಇಳಿದು ಬರುವ ತೊರೆ ಪಾರ್ಕಿನ ಅಂಚಿನ ಕಾಲುವೆಯಲ್ಲಿ ಸುತ್ತಿಕೊಂಡು ಹೋಗುತ್ತಿತ್ತು. ಅದೂ ನನ್ನ ಬೋರ್ಡಿನಲ್ಲಿ ಒಂದು ಸಾಲಾಗಿ ಇತ್ತು.

ಬರೆಯುವಾಗ ಕೆಲವು ಸಂಗತಿಗಳು ತಾಳೆಯಾಗಲಿಲ್ಲ. ಅಷ್ಟು ಅಗಲದ ಹುಲ್ಲುಹಾಸಿಗೆ ಮಂಟಪವನ್ನು ನಡುವೆ ಕಟ್ಟದೆ ಮೂಲೆಗೆ ಯಾಕೆ ಒತ್ತರಿಸಿದರು? ನೀರಿನ ಪಕ್ಕದಲ್ಲೇ ನೆಡುವ ವಿಲ್ಲೋ ಮರಗಳ ಸಾಲು ಮೇಲಿನಿಂದ ಬಂದು ಹುಲ್ಲುಹಾಸಿನ ಅಂಚಿಗೆ ಥಟ್ಟನೆ ನಿಲ್ಲುತ್ತದೆ, ಕೆಳಗಿನ ಗೋಡೆಯಾಚೆ ಮತ್ತೆ ಶುರುವಾಗುತ್ತದೆ. ನಡುವೆ ಯಾಕಿಲ್ಲ? ಇವೆರಡಕ್ಕಿಂತ ವಿಚಿತ್ರವಾದದ್ದನ್ನು ಜನವರಿಯಲ್ಲಿ ನೋಡಿದ್ದೆ. ಊಟಿಯಲ್ಲಿ ಹಿಮ ಬಿದ್ದ ಬೆಳಗಿನಲ್ಲಿ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಮೇಲ್ಪಾರ್ಕಿನಲ್ಲೂ ಹಾಗೇ ಆಗಿತ್ತು, ಆದರೆ ಆ ಬಿಳುಪಿನ ನಡುವೆ ಎರಡು ಮಾರು ಅಗಲದ ಹಸಿರು ಪಟ್ಟಿಯೊಂದು ಮೇಲಿನಿಂದ ಕೆಳಗೆ ಓರೆಯಾಗಿ ಇಳಿದು, ನಡುವೆ ಒಮ್ಮೆ ಬಾಗಿ ಹೋಗಿತ್ತು. ಅಲ್ಲಿ ಹಿಮವೇ ಕೂತಿರಲಿಲ್ಲ.

ಆವತ್ತು ಹುಲ್ಲಕ್ಕನನ್ನು ಕೇಳಿದ್ದೆ. ಹುಲ್ಲು ಕೆಲಸದ ಹೆಂಗಸರ ತಂಡಕ್ಕೆ ಅವರು ಮುಂದಾಳು, ಅದಕ್ಕೇ ಆ ಹೆಸರು. ಕೋತಗಿರಿ ದಾರಿಯ ಒಂದು ಹಟ್ಟಿಯ ಬಡಗ ಜನಾಂಗದವರು. ನಾನು ಮರಗಳಿಗೆ ಬೋರ್ಡು ಹಾಕುವವಳಾದ್ದರಿಂದ ಅವರಿಗೆ ನಾನು ಬೋರ್ಡಮ್ಮ. ನಮ್ಮ ಮಾತು ಅರ್ಧ ಅವರ ಬಡಗು, ಅರ್ಧ ನನ್ನ ಕನ್ನಡ, ಸಾಲದ್ದಕ್ಕೆ ತಮಿಳು.

"ಅಲ್ಲಿ ಚಳಿ ಕಚ್ಚೋದಿಲ್ಲೆ ಬೋರ್ಡಮ್ಮ. ಎಳೆ ಸಸಿ ಟ್ರೇ ಎಲ್ಲ ಆ ಸಾಲಲ್ಲೇ ಇಡ್ತೀವಿ. ಒಂದೂ ಸಾಯೋದಿಲ್ಲೆ" ಎಂದಿದ್ದರು.

"ಯಾಕಕ್ಕ ಕಚ್ಚೋದಿಲ್ಲ?"

"ಅದ ನೀನು ಹೇಳು. ಕಾಲೇಜಿಗೆ ಹೋದವಳು ನಾನಾ?"

ಇಬ್ಬರೂ ನಕ್ಕಿದ್ದೆವು. ಆ ಹಸಿರು ಪಟ್ಟಿ ನಮ್ಮಿಬ್ಬರಿಗೂ ಗೊತ್ತಿತ್ತು, ಅದೇನೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಅದೇ ಪಟ್ಟಿಯ ಮೇಲಿನ ಒಂದು ಜಾಗ ಪ್ರತಿ ವರ್ಷ ಸ್ವಲ್ಪ ತಗ್ಗಾಗುತ್ತಿತ್ತು. ಪ್ರತಿ ವರ್ಷ ಮೇ ತಿಂಗಳ ಸೀಸನ್‌ಗೆ ಮುಂಚೆ ಹುಲ್ಲಕ್ಕನ ತಂಡ ಅಲ್ಲಿಯ ಹುಲ್ಲು ಬಿಚ್ಚಿ, ಕೆಂಪು ಮಣ್ಣು ತುಂಬಿ, ಬೇರೆಡೆಯಿಂದ ಬೇರುಸಮೇತ ಕತ್ತರಿಸಿ ತಂದ ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಜೋಡಿಸಿ, ತುಳಿದು, ಮೇಲೆ ಕಲ್ಲಿನ ರೋಲರ್ ಎಳೆದು ಮಟ್ಟ ಮಾಡುತ್ತಿತ್ತು. ಬಂದವರಿಗೆ ತಗ್ಗು ಕಾಣಬಾರದು. ನಮ್ಮ ಹುಲ್ಲಿನ ಮೇಲೆ ಚೆಂಡು ಇಟ್ಟರೆ ಉರುಳಬಾರದು ಎಂದು ಅವರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವರಿಗಿಂತ ಮುಂಚಿನ ತಂಡವೂ ಅದನ್ನೇ ಮಾಡಿತ್ತು. ಕೆಳಗಿನ ಹಳೆಯ ಕಲ್ಲಿನ ಕಮಾನು ಒಂದೊಂದೇ ಕಲ್ಲು ಕಳಚಿಕೊಳ್ಳುತ್ತ ಸುಳಿವು ಕೊಡುತ್ತಲೇ ಇತ್ತು. ಎಲ್ಲರೂ ಅದರ ಮೇಲೆ ಮತ್ತಷ್ಟು ಮಣ್ಣಿನ ಭಾರ ಹೇರಿ, ಹುಲ್ಲು ಹೊದಿಸಿ ಚೆಂದ ಮಾಡಿದ್ದರು.

ಕುಸಿದಾಗ ರೋಲರ್ ತೂತಿನ ಮೇಲಂಚಿಗೆ ಬಂದು ನಿಂತಿತ್ತು, ಇಳಿಜಾರಿನ ಕಡೆಗೆ ಮುಖ ಮಾಡಿ. ಎಳೆಯುತ್ತಿದ್ದವರು ಹಿಡಿಗೆ ಜೋತುಬಿದ್ದಿದ್ದರು.

"ಯಾರೂ ಬುಡ್ಬೇಡಿ! ಇಡ್ಕಳಿ! ಅಂಗೇ ಇಡ್ಕಳಿ!" ಎಂದು ಮೇಸ್ತ್ರಿ ಕೂಗುತ್ತ ಓಡಿ ಬಂದರು. ಗುಂಡ್ಲುಪೇಟೆ ಕಡೆಯವರು, ಎಂದೂ ಓಡಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕೈಯಲ್ಲಿ ಹೆಸರಿನ ಫಲಕಗಳ ಮರದ ಗೂಟಗಳಿದ್ದವು. ಅವನ್ನೇ ರೋಲರಿನ ಮುಂದೆ ಒಂದರ ಮೇಲೊಂದು ತುರುಕಿದೆವು. ರೋಲರ್ ನಿಂತಿತು, ಆದರೆ ಅದರ ಕಬ್ಬಿಣದ ಹಿಡಿ ಆಗಾಗ ಕಿರ್ ಎನ್ನುತ್ತಿತ್ತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಬಾಗಿಲು ಕಿರುಗುಟ್ಟಿದರೆ ಮೊದಲು ಕಾಲಡಿಯ ನೆಲ ನೋಡಿಕೊಳ್ಳುತ್ತೇನೆ.

ಹೂಕುಂಡ ಜೋಡಿಸಲು ತಂದಿದ್ದ ಉದ್ದನೆಯ ಹಲಗೆಗಳನ್ನು ತೂತಿನ ಅಡ್ಡಕ್ಕೆ ಹಾಕಿದರು. ಮಲಗಿ ಕೈ ಕೊಡಲು ಹಗುರಾದವರು ಬೇಕು ಎಂದು ಮೇಸ್ತ್ರಿ ಸುತ್ತ ನೋಡಿದರು. ನಾನು ಮಲಗಿದೆ. ಯೋಚಿಸಿ ಮಾಡಿದ್ದಲ್ಲ. ಹಲಗೆಯ ಮೇಲೆ ಮುಖ ಕೆಳಗೆ ಮಾಡಿದಾಗ ತಣ್ಣನೆಯ ಗಾಳಿ ಬಡಿಯಿತು. ಒಂದು ಗೇಣು ಮಣ್ಣು, ಅದರ ಕೆಳಗೆ ಕೆತ್ತಿದ ಕಲ್ಲುಗಳ ಕಮಾನು, ಅದರ ಕೆಳಗೆ ಕತ್ತಲೆ. ಹುಲ್ಲಕ್ಕ ನೀರಿನಲ್ಲಿ ನಿಂತಿದ್ದರು. ತಲೆವಸ್ತ್ರ ಜಾರಿತ್ತು, ಹಣೆಯಲ್ಲಿ ಮಣ್ಣು. ನಾನು ಕೈ ಚಾಚಿದರೆ ಅವರ ಮಣಿಕಟ್ಟು ಸಿಗುತ್ತಿತ್ತು.

"ಬೋರ್ಡಮ್ಮ, ನೀ ಹಿಂದೆ ಹೋಗು. ನಿನ್ನನ್ನೂ ನುಂಗಿಬುಡುತ್ತೆ."

"ಸುಮ್ಮನಿರಿ ಅಕ್ಕ. ಕಾಲು ಅಲ್ಲಾಡಿಸೋಕೆ ಆಗುತ್ತಾ?"

"ಒಂದು ಆಗುತ್ತೆ. ಇನ್ನೊಂದು ಎನ್ನದಲ್ಲ."

ಬಿದ್ದ ಕಮಾನಿನ ಕಲ್ಲುಗಳ ನಡುವೆ ಎಡಗಾಲು ಬೂಟುಸಮೇತ ಸಿಕ್ಕಿತ್ತು. ಕಂಕುಳಿಗೆ ಹಗ್ಗ ಹಾಕಿ ಒಮ್ಮೆ ಎಳೆದರು. ಅವರು ಆಗ ಮೊದಲ ಸಲ ಕಿರುಚಿದರು, ನಿಲ್ಲಿಸಿದೆವು. ಅಷ್ಟರಲ್ಲಿ ನನಗೆ ಇನ್ನೊಂದು ಕಂಡಿತು. ಅವರು ತಾವೇ ಹೆಣೆದ ಬೂದುಬಣ್ಣದ ಸ್ವೆಟರ್ ಹಾಕಿದ್ದರು. ನಾನು ಮಲಗಿದಾಗ ಅದರ ಕೆಳಗಿನ ಗುಂಡಿ ನೀರಿನಿಂದ ಮೇಲಿತ್ತು. ಈಗ ಕಾಣುತ್ತಿರಲಿಲ್ಲ. ಕುಸಿದ ಮಣ್ಣು, ಕಲ್ಲು, ನಾವೇ ತುಂಬಿದ ಹುಲ್ಲಿನ ಹೆಂಟೆಗಳೆಲ್ಲ ಸೇರಿ, ಅವರನ್ನು ದಾಟಿ ನೀರು ಹರಿದುಹೋಗುವ ಕಡೆ ಒಡ್ಡು ಕಟ್ಟಿದ್ದವು. ನೀರು ಹೊರಗೆ ಹೋಗಲಾರದೆ ಏರುತ್ತಿತ್ತು. ಅವರ ತಲೆ ನೆಲಮಟ್ಟಕ್ಕಿಂತ ಕೆಳಗಿತ್ತು.

ಅವರಿಗೆ ಹೇಳಲಿಲ್ಲ. ಅವರಿಗೂ ಗೊತ್ತಿತ್ತು.

"ಸ್ವೆಟರ್ ಒದ್ದೆ ಆಗ್ತಾ ಇದೆ ನೋಡು. ಮಳೆಗಾಲಕ್ಕೂ ಮುಂಚೆ ಒಗೆದಂಗಾಯ್ತು" ಎಂದರು. ಹಲ್ಲು ಕಟಕಟ ಅನ್ನುತ್ತಿತ್ತು. "ಎನ್ನ ತಲೆ ಮೇಲೂ ಒಂದು ಬೋರ್ಡು ನೆಡು. ಹೆಸರು, ಹುಟ್ಟಿದ ನಾಡು, ಎಷ್ಟು ಎತ್ತರ ಬೆಳೆಯುತ್ತೆ, ಎಲ್ಲ ಬರಿ."

ಅಗ್ನಿಶಾಮಕ ವಾಹನ ಬಂತು. ಅದರ ಅಧಿಕಾರಿ ಚುರುಕಿನವರು, ಕೂಗಾಡದವರು. ತೂತು ನೋಡಿದರು, ರೋಲರ್ ನೋಡಿದರು. ಮೇಲ್ಗಡೆಯ ರಸ್ತೆಯಿಂದ ಹುಲ್ಲುಹಾಸಿನ ಮೇಲೆ ಅಡ್ಡಲಾಗಿ ವಾಹನ ತಂದು ಪಕ್ಕದಲ್ಲೇ ನಿಲ್ಲಿಸಬೇಕು, ಅದರ ಸರಪಳಿಯಿಂದ ರೋಲರನ್ನು ಹಿಂದಕ್ಕೆ ಎಳೆಯಬೇಕು, ಪಂಪು ಇಳಿಸಿ ನೀರು ತೆಗೆಯಬೇಕು ಎಂದರು. ಅವರ ಕೊಳವೆ ಕೆಳಗಿನ ರಸ್ತೆಯಿಂದ ಮುಟ್ಟುತ್ತಿರಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು. ಚಾಲಕ ಎಂಜಿನ್ ಶುರುಮಾಡಿದ.

ನಾನು ಹಲಗೆಯ ಮೇಲಿಂದಲೇ ಆ ವಾಹನ ಬರಲಿರುವ ದಾರಿಯನ್ನು ನೋಡಿದೆ. ಬೇಸಿಗೆಯ ಬಿಸಿಲಿನಲ್ಲಿ ಹುಲ್ಲು ಒಂದೇ ಹಸಿರಾಗಿತ್ತು, ಏನೂ ಕಾಣುತ್ತಿರಲಿಲ್ಲ. ಆದರೆ ಕೆಳಗಿನ ಕಮಾನು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ನನ್ನ ಮೂಗಿನ ಕೆಳಗೇ ಕಾಣುತ್ತಿತ್ತು. ಅದು ಓರೆಯಾಗಿ ವಿಲ್ಲೋ ಸಾಲಿನ ಕಡೆಗೆ ಹೋಗುತ್ತಿತ್ತು. ಜನವರಿಯ ಬೆಳಗು ಒಮ್ಮೆಲೇ ನೆನಪಾಯಿತು. ಹರಿಯುವ ನೀರು ಹಿಮದಷ್ಟು ತಣ್ಣಗಿರುವುದಿಲ್ಲ. ಹಿಮ ಕೂರದ ಆ ಪಟ್ಟಿಯೇ ಈ ತೊರೆಯ ದಾರಿ.

"ಬೇಡ! ಮೇಲಿಂದ ತರಬೇಡಿ!" ಎಂದು ತಮಿಳಿನಲ್ಲಿ ಕೂಗಿದೆ. "ಆ ದಾರಿಯ ಕೆಳಗೂ ಹೀಗೇ ಟೊಳ್ಳಿದೆ. ಅಲ್ಲಿ ಕುಸಿದರೆ ನಿಂತ ನೀರೆಲ್ಲ ಒಟ್ಟಿಗೆ ಇವರ ಮೇಲೆ ಬರುತ್ತೆ."

ಅಧಿಕಾರಿ ಬಗ್ಗಿ ನನ್ನ ಮುಖ ನೋಡಿದರು. "ನಿಮ್ಮ ಹತ್ತಿರ ನಕ್ಷೆ ಇದೆಯಾ?"

"ಇಲ್ಲ ಸರ್. ಜನವರಿಯಲ್ಲಿ ನೋಡಿದ್ದೇನೆ."

"ಏನು ನೋಡಿದ್ದೀರಿ?"

"ಹಿಮ ಇಲ್ಲದ್ದನ್ನು."

ಭಯದಲ್ಲಿ ಬುದ್ಧಿ ಕೆಟ್ಟವರನ್ನು ಅವರು ಬೇಕಾದಷ್ಟು ನೋಡಿರಬೇಕು. ನನ್ನನ್ನು ಎಬ್ಬಿಸಲು ಯಾರಿಗೋ ಕೈಸನ್ನೆ ಮಾಡಿದರು. ಆಗ ತೂತಿನೊಳಗಿಂದ ಹುಲ್ಲಕ್ಕ ಕೂಗಿದರು: "ಟ್ರೇ ಸಾಲು! ಮೇಸ್ತ್ರಿ, ನಮ್ಮ ಟ್ರೇ ಸಾಲು!"

ಮೇಸ್ತ್ರಿಗೆ ಅಷ್ಟೇ ಸಾಕಾಯಿತು. ಅವರು ಅಧಿಕಾರಿಯ ಜೊತೆ ವಾದಕ್ಕೆ ನಿಲ್ಲಲಿಲ್ಲ. ಪ್ರದರ್ಶನಕ್ಕೆಂದು ಸಾಲಾಗಿ ಇಟ್ಟಿದ್ದ ಚೆಂಡುಹೂವಿನ ಕುಂಡಗಳನ್ನು ಹೆಂಗಸರಿಂದ ಹೊರಿಸಿ, ಚಳಿಗಾಲದಲ್ಲಿ ಟ್ರೇ ಇಡುತ್ತಿದ್ದ ಸಾಲಿನಲ್ಲೇ ಒಂದೊಂದಾಗಿ ಇಡಿಸತೊಡಗಿದರು.

"ಬಾಗೋದು ಕಲ್ಲುಬೆಂಚಿನತ್ರ!" ಎಂದಳು ಒಬ್ಬಳು.

"ಇಲ್ಲೆ ಕಣೆ, ಬೆಂಚಿಗೂ ಮುಂಚೆ!" ಏನೂ ಕಾಣದ ತೂತಿನಿಂದ ಹುಲ್ಲಕ್ಕ ತಿದ್ದಿದರು. "ಪ್ರತಿ ವರ್ಷ ಹೇಳಬೇಕು ಇವಕ್ಕೆ."

ಹಸಿರಿನ ಮೇಲೆ ಕಿತ್ತಳೆ ಬಣ್ಣದ ಗೆರೆಯೊಂದು ಮೂಡಿತು. ನನ್ನ ಜನವರಿಯ ಪಟ್ಟಿಯೇ ಅದು. ಬಾಗಿದ ಜಾಗವೂ ಸರಿಯಾಗಿತ್ತು. ಅದು ವಾಹನ ಬರಬೇಕಿದ್ದ ದಾರಿಯನ್ನು ಕತ್ತರಿಸಿಕೊಂಡು ಹೋಗಿತ್ತು. ಅಧಿಕಾರಿ ಒಂದು ಹಾರೆ ತರಿಸಿ, ಕುಂಡವೊಂದರ ಪಕ್ಕದಲ್ಲಿ ತಾವೇ ನೆಲಕ್ಕೆ ಚುಚ್ಚಿದರು. ಕಲ್ಲಿಗೆ ತಾಗಿ ಟಣ್ ಎಂದಿತು. ಅದೇ ಗೆರೆಯ ಮೇಲೆ ಇನ್ನೊಂದು ಕಡೆ ಚುಚ್ಚಿದರು. ಹಾರೆ ಅವರ ಮುಷ್ಟಿಯವರೆಗೂ ಇಳಿದು ಹೋಯಿತು. ಅವರು ಅದನ್ನು ಅಲ್ಲೇ ಬಿಟ್ಟು, ತಿರುಗಿ, ವಾಹನದವನಿಗೆ ಎರಡು ಕೈ ಅಡ್ಡ ಹಿಡಿದರು. ಎಂಜಿನ್ ನಿಂತಿತು.

"ಇದು ಎಲ್ಲಿಂದ ಶುರುವಾಗುತ್ತದೆ?" ಎಂದು ನನ್ನನ್ನು ಕೇಳಿದರು. ಈಗ ಬೇರೆ ದನಿಯಲ್ಲಿ.

"ವಿಲ್ಲೋ ಮರಗಳ ಬುಡದಲ್ಲಿ ಹುಡುಕಿ. ತೊರೆಯ ಒಂದು ಪಾಲು ಅಲ್ಲಿಂದ ಒಳಗೆ ಬರುತ್ತಿರಬೇಕು."

ಮುಂದಿನದು ನಾನು ಕಣ್ಣಿಂದ ನೋಡಿದ್ದಲ್ಲ, ನಾನು ಹುಲ್ಲಕ್ಕನ ಕೈ ಹಿಡಿದು ಹಲಗೆಯ ಮೇಲೆಯೇ ಇದ್ದೆ. ಮೇಸ್ತ್ರಿ ಆಮೇಲೆ ಎಷ್ಟೋ ಸಲ ಹೇಳಿದ್ದು ಇದು. ಕೊನೆಯ ವಿಲ್ಲೋದ ಬೇರಿನಡಿ, ಜರೀಗಿಡಗಳ ಮರೆಯಲ್ಲಿ ಕಲ್ಲಿನ ಬಾಯಿ ಸಿಕ್ಕಿತು. ಕಾಲುವೆಯ ನೀರು ಸದ್ದಿಲ್ಲದೆ ಅದರೊಳಗೆ ಜಾರುತ್ತಿತ್ತು. ಮುಚ್ಚಲು ಏನಿದೆ? ತಗ್ಗು ತುಂಬಲು ತಂದ ಹುಲ್ಲಿನ ಹೆಂಟೆಗಳು ಇನ್ನೂ ಗಾಡಿಯಲ್ಲಿದ್ದವು. ಓಡೋಡಿ ತಂದು ಬಾಯಿಗೆ ತುಂಬಿದರು. ನೀರು ಅವನ್ನು ಒಂದೊಂದಾಗಿ ನುಂಗಿತು.

ಒಂದು ಹೆಂಟೆ ನನ್ನ ಕಣ್ಣೆದುರೇ ತೇಲಿಬಂದು ಹುಲ್ಲಕ್ಕನ ಎದೆಗೆ ತಾಗಿತು. ಆಗ ನೀರು ಅವರ ಸ್ವೆಟರಿನ ಕೊರಳ ಹತ್ತಿರದ ಗುಂಡಿಯಲ್ಲಿತ್ತು.

"ಎನ್ನ ಹುಲ್ಲೇ ಬಂತು ನೋಡು" ಎಂದರು. ಅವರ ಬೆರಳುಗಳು ನನ್ನ ಮಣಿಕಟ್ಟಿನಲ್ಲಿ ಸಡಿಲವಾಗುತ್ತಿದ್ದವು. ನಾನು ಬಿಗಿ ಹಿಡಿದೆ. ಏನು ಹೇಳಬೇಕೆಂದು ತೋಚದೆ, ಮರಗಳ ಹೆಸರು ಹೇಳತೊಡಗಿದೆ. ಬಾಗಿಲಿಂದ ಶುರುಮಾಡಿ, ಎಡಗಡೆ, ಬಲಗಡೆ, ನಾನು ಬೋರ್ಡು ಹಾಕಿದ ಕ್ರಮದಲ್ಲೇ. ಅವರು ಗಲ್ಲವನ್ನು ಮೇಲೆತ್ತಿ ಕಣ್ಣು ಮುಚ್ಚಿಕೊಂಡಿದ್ದರು. ಎಲ್ಲೋ ಒಂದು ಮರ ಬಿಟ್ಟೆ. ತುಟಿ ಅಲ್ಲಾಡಿತು: "ಬೆಂಡಿನ ಮರ ಬಿಟ್ಟೆ."

ಮೇಲ್ಗಡೆ ಮೇಸ್ತ್ರಿಗೆ, ಮೊದಲು ಗಟ್ಟಿಯಾದದ್ದೊಂದು ಅಡ್ಡ ನಿಂತರೆ ಹೆಂಟೆಗಳು ನಿಲ್ಲುತ್ತವೆ ಎಂದು ಹೊಳೆದಿತ್ತು. ಗೋಡೆಗೆ ಒರಗಿಸಿಟ್ಟಿದ್ದ ನನ್ನ ದೊಡ್ಡ ತಗಡಿನ ಬೋರ್ಡು ಅವರಿಗೆ ಕಂಡಿತು. ನಾಲ್ಕು ಜನ ಹೊತ್ತು ತಂದು ಬಾಯಿಗೆ ಅಡ್ಡ ಇಳಿಸಿ, ಗೂಟ ಬಡಿದು, ಅದರ ಅಂಚಿನ ಸಂದುಗಳಿಗೆ ಹೆಂಟೆಗಳನ್ನು ಬೇರು ಮೇಲಾಗಿ ಒತ್ತಿದರು. ಪಾರ್ಕಿನ ಇತಿಹಾಸವೂ ನೋಡಬೇಕಾದ ಜಾಗಗಳೂ ಹೊಸ ಬಣ್ಣದೊಂದಿಗೆ ನೀರಿಗೆ ಮುಖ ಮಾಡಿ ನಿಂತವು.

ನನಗೆ ಮೊದಲು ತಿಳಿದದ್ದು ಸದ್ದಿನಿಂದ. ಅಲ್ಲಿಯವರೆಗೂ ಒಂದೇ ಸಮನೆ ಮೊರೆಯುತ್ತಿದ್ದ ಕತ್ತಲೆ ತೊಟ್ಟಿಕ್ಕತೊಡಗಿತು. ನಂಬಲಿಲ್ಲ. ಸ್ವೆಟರಿನ ಆ ಗುಂಡಿಯನ್ನೇ ನೋಡುತ್ತಿದ್ದೆ. ಅದು ಮುಳುಗಿತು, ತೇಲಿತು, ಆಮೇಲೆ ಪೂರ್ತಿಯಾಗಿ ಹೊರಬಂತು. ಅದರ ಕೆಳಗಿನದೂ ಬಂತು.

ನೀರು ಮೊಣಕಾಲಿಗಿಳಿದ ಮೇಲೆ ಅಗ್ನಿಶಾಮಕ ದಳದ ಒಬ್ಬರು ಹಗ್ಗ ಕಟ್ಟಿಕೊಂಡು ಕೆಳಬದಿಯಿಂದ ಇಳಿದರು. ಕಲ್ಲು ಮೀಟಲು ಹೋದರೆ ಮೇಲಿನ ಕಮಾನು ಅಲುಗುತ್ತಿತ್ತು. ಕಲ್ಲನ್ನು ಮುಟ್ಟದೆ ಬೂಟನ್ನೇ ಸೀಳುವುದೆಂದು ತೀರ್ಮಾನಿಸಿದರು. ಹೆಂಗಸರಲ್ಲೊಬ್ಬರು ಹುಲ್ಲು ಕತ್ತರಿಸುವ ಚೂರಿ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಹುಲ್ಲಕ್ಕನನ್ನು ಮೇಲಕ್ಕೆತ್ತಿ, ಹಲಗೆಯ ಮೇಲಿಂದ ಎಳೆದು, ಕಿತ್ತಳೆ ಗೆರೆಯಾಚೆ ಮಲಗಿಸಿದರು. ಒಂದು ಪಾದ ಊದಿ ನೀಲಿಯಾಗಿತ್ತು. ನನ್ನನ್ನೂ ಯಾರೋ ಎಬ್ಬಿಸಿದರು.

ನಾವು ಹತ್ತು ಹೆಜ್ಜೆ ನಡೆದಿರಲಿಕ್ಕಿಲ್ಲ. ಹಿಂದಿನಿಂದ ಕಿರ್ ಎಂದಿತು. ತಿರುಗಿ ನೋಡಿದಾಗ ಮೇಲಂಚು ಸದ್ದಿಲ್ಲದೆ ಬಾಗುತ್ತಿತ್ತು. ಗೂಟಗಳು ಹಲ್ಲುಕಡ್ಡಿಯಂತೆ ಮುರಿದವು. ರೋಲರ್ ನಾನು ಮಲಗಿದ್ದ ಹಲಗೆಯನ್ನು ಮಡಚಿಕೊಂಡು ತೂತಿನೊಳಗೆ ಹೋಯಿತು. ಕಾಲಡಿ ನೆಲ ಒಮ್ಮೆ ನಡುಗಿತು. ಅಧಿಕಾರಿ ಟೋಪಿ ತೆಗೆದು ತಲೆ ಒರೆಸಿಕೊಂಡರು.

ಆ ರಾತ್ರಿಯಿಂದ ನನಗೆ ನಿದ್ದೆ ಬಾರದಾಯಿತು. ನಮ್ಮ ಮನೆಯ ಹಿಂದೆ ಚರಂಡಿಯಿದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಈಗ ಹಾಸಿಗೆಯ ಕೆಳಗೇ ಬಂದಂತಾಗುತ್ತಿತ್ತು. ಕಣ್ಣು ಹತ್ತಿದರೆ ಕೈಯಲ್ಲಿ ಬೆರಳುಗಳು ಸಡಿಲವಾಗುತ್ತಿದ್ದವು. ಹಗಲಿನಲ್ಲಿ ಮಾತ್ರ ಬೇರೆಯೇ ಒಂದು ಹುಚ್ಚು. ಆ ನೀರು ಎಲ್ಲಿ ಹೊರಗೆ ಬರುತ್ತದೆ, ಯಾರು ಮುಚ್ಚಿದರು, ಯಾಕೆ? ಮಂಟಪ ಕಟ್ಟಿದವರಿಗೆ ಗೊತ್ತಿತ್ತು, ಅದಕ್ಕೇ ಮೂಲೆಗೆ ಕಟ್ಟಿದರು. ವಿಲ್ಲೋ ನೆಟ್ಟವರಿಗೂ ಗೊತ್ತಿತ್ತು. ನಡುವಿನ ಮರಗಳನ್ನು ಕಡಿದು, ಕಮಾನು ಕಟ್ಟಿ, ಹುಲ್ಲು ಹೊದಿಸಿದವರು ಒಂದು ಮಾತು ಯಾರಿಗಾದರೂ ಹೇಳಿ ಹೋಗಬಹುದಿತ್ತು. ಬಹುಶಃ ಹೇಳಿದ್ದರು. ಕೇಳಿಸಿಕೊಂಡವರು ನಿವೃತ್ತರಾದರು.

ಹುಲ್ಲಕ್ಕನನ್ನು ನೋಡಲು ಆಸ್ಪತ್ರೆಗೆ ಹೋದಾಗ ಕಾಲಿಗೆ ಪ್ಲಾಸ್ಟರ್ ಇತ್ತು.

"ನಿದ್ದೆ ಬರುತ್ತಾ ಅಕ್ಕ?"

"ಮಲಗಿದ್ರೆ ಎಬ್ಬಿಸೋರಿಲ್ಲೆ. ಎನಗ ಇಷ್ಟು ನಿದ್ದೆ ಮದುವೆ ಆದ ಮೇಲೆ ಸಿಕ್ಕಿರಲಿಲ್ಲೆ. ನಿನಗೆ?"

"ಇಲ್ಲ."

ಅವರು ನನ್ನ ಮಣಿಕಟ್ಟಿನ ಮೇಲಿನ ತಮ್ಮ ಉಗುರಿನ ಗುರುತುಗಳನ್ನು ನೋಡಿದರು. "ನಾ ಕೈ ಬಿಟ್ಟಿದ್ದೆ ಕೂಸೆ. ನೀ ಹಿಡಿದಿದ್ದೆ. ಹಿಡಿದವರಿಗೇ ಬಿಡೋದು ಕಷ್ಟ" ಎಂದು ಹೇಳಿ, ತಟ್ಟೆಯಲ್ಲಿದ್ದ ಕಿತ್ತಳೆ ಸುಲಿದು ಕೊಟ್ಟರು.

ಮತ್ತೆ ಮಣ್ಣು ತುಂಬಿ ಮುಚ್ಚೋಣ ಎಂದು ಕೆಲವರು ಹೇಳಿದರು. ಮೇಸ್ತ್ರಿ ಒಪ್ಪಲಿಲ್ಲ. "ಮುಚ್ಚಿದ್ರೆ ನಮ್ಮೆಂಗಸ್ರು ಅದರ್ ಮ್ಯಾಲೆ ಕಾಲಿಡಕಿಲ್ಲ ಸಾರ್. ನಾನೂ ಇಡಕಿಲ್ಲ" ಎಂದು ಪಾರ್ಕಿನ ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಂತರು. ಕೊನೆಗೆ ಕಮಾನನ್ನು ಉದ್ದಕ್ಕೂ ಬಿಚ್ಚಿ, ಅದೇ ಕಲ್ಲುಗಳಿಂದ ಎರಡು ದಡ ಕಟ್ಟಿ, ತೊರೆಯನ್ನು ಆಕಾಶಕ್ಕೆ ಬಿಡುವುದೆಂದಾಯಿತು. ಮಳೆಗಾಲವೆಲ್ಲ ಆ ಕೆಲಸ ನಡೆಯಿತು. ರೋಲರನ್ನು ಎತ್ತಲಾಗಲಿಲ್ಲ. ಈಗಲೂ ಅದು ತೊರೆಯ ನಡುವೆ ಬಂಡೆಯಂತೆ ಕೂತಿದೆ. ಬಂದವರು ಅದರ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಾರೆ.

ನೀರು ಬಿಡುವ ದಿನ ಹುಲ್ಲಕ್ಕ ಊರುಗೋಲು ಹಿಡಿದು ಬಂದಿದ್ದರು. ಮೇಸ್ತ್ರಿ ವಿಲ್ಲೋ ಬುಡದಲ್ಲಿ ಗೂಟ ಕಿತ್ತು ಬೋರ್ಡನ್ನು ಎತ್ತಿದರು. ನೀರು ಮೊದಲು ಕೆಂಪಗೆ ಬಂತು, ಆಮೇಲೆ ತಿಳಿಯಾಯಿತು. ನಾನು ಅದರ ಜೊತೆಗೇ ದಡದ ಮೇಲೆ ನಡೆದೆ. ಹಸಿರು ಪಟ್ಟಿ ಬಾಗಿದಲ್ಲಿ ಬಾಗಿತು. ಆ ಜಾಗಕ್ಕೆ ಬಂದಾಗ ನಿಂತುಬಿಟ್ಟೆ. ತಳದಲ್ಲಿ ಮರಳು ಕಾಣುತ್ತಿತ್ತು, ಒಂದೆರಡು ಕಲ್ಲು, ಅರ್ಧ ಹೂತ ಕಪ್ಪು ರಬ್ಬರಿನ ಚೂರು. ಅಷ್ಟೇ. ಮೊಣಕಾಲುದ್ದದ ನೀರು.

"ಅದು ಎನ್ನ ಬೂಟು" ಎಂದರು ಹುಲ್ಲಕ್ಕ ಪಕ್ಕದಲ್ಲಿ ಬಂದು. "ಅದಕ್ಕೆ ಬೋರ್ಡು ಹಾಕ್ತೀಯ?"

ಅವರ ತೋಳು ಹಿಡಿದು ಕೆಳಗಿನ ಗೋಡೆಯವರೆಗೂ ಹೋದೆ. ಗೋಡೆಯ ಕಿಂಡಿಯಿಂದ ನೀರು ಆಚೆ ಬಿದ್ದು, ಆಚೆಯ ವಿಲ್ಲೋಗಳ ನಡುವೆ ಹಾದು, ರಸ್ತೆಯ ಮೋರಿ ದಾಟಿ ಊರಿನ ಕಡೆಗೆ ಇಳಿಯಿತು. ಹಾಗೇ ಇಳಿದು ನಮ್ಮ ಮನೆಯ ಹಿಂದಿನ ಚರಂಡಿಗೆ ಸೇರುವುದು ಅದೇ ನೀರೆಂದು ನನಗೆ ಅಲ್ಲಿ ನಿಂತಾಗ ತಿಳಿಯಿತು.

ಮಾರನೆಯ ಬೆಳಿಗ್ಗೆ ಅಮ್ಮ ಭುಜ ಅಲುಗಿಸುತ್ತಿದ್ದರು. ಕಿಟಕಿಯಲ್ಲಿ ಬಿಸಿಲು ಬಂದಿತ್ತು.

"ಏಳೇ, ಎರಡು ಸಲ ಕಾಫಿ ಬಿಸಿ ಮಾಡಿದೆ" ಎಂದರು.